ಗದ್ದದ ಕೆಳಗಿನ ಚಿತ್ರಗಳು

"ಪೀಪಾಯಿ," ಎನ್ನುತ್ತಾಳೆ ಕಂಡಕ್ಟರ್. ಅಂದವಳೇ ಬಾಯಿಗೆ ಕೈ ಅಡ್ಡ ಹಿಡಿದು ಕಿಸಕ್ಕನೆ ನಗುತ್ತಾಳೆ.

ಎದುರಿಗೆ ಕುಳಿತ ಚಿತ್ರದಕ್ಕ ನಗುವುದಿಲ್ಲ. ನಗುವ ಹಾಗಿಲ್ಲ. ಎದೆಗೆ ಆನಿಸಿ, ಗದ್ದದ ಕೆಳಗೆ ತುಸು ಬಾಗಿಸಿ ಹಿಡಿದ ಟ್ಯಾಬಿನ ಪರದೆಯಿಂದ ಪೀಪಾಯಿಯ ಚಿತ್ರ ಅಳಿಸಿಹೋಗಿ, ಅಲ್ಲೊಂದು ಕಪ್ಪು ಚುಕ್ಕಿ ಮೂಡಿ, ಮುಂದಿನ ಚಿತ್ರ ಬರುವಷ್ಟರಲ್ಲಿ ಈ ನಗು ನಿಲ್ಲಬೇಕು. ಬಸ್ ಡಿಪೋದಲ್ಲಿ ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಆಚೆ ಮೂಲೆಯಲ್ಲಿ ಯಾರೋ ಎಂಜಿನ್ ಚಾಲೂ ಮಾಡಿ ಹಾಗೇ ಬಿಟ್ಟುಹೋಗಿದ್ದಾರೆ. ವಿಶ್ರಾಂತಿ ಕೋಣೆಯ ಕಿಟಕಿ ಗಾಜು ಅದರ ಜೊತೆ ಸಣ್ಣಗೆ ನಡುಗುತ್ತಿದೆ. ಈಕೆಯ ಬಸ್ಸು ಹೊರಡುವುದರೊಳಗೆ ಎಲ್ಲ ಚಿತ್ರಗಳೂ ಮುಗಿಯಬೇಕು.

"ಬಾವಲಿ."

ಚುಕ್ಕಿ.

"ಬಿಲ್ಲು."

ಚುಕ್ಕಿ.

"ಅದು... ಅದೇನೋ ಅಂತಾರಲ್ಲ, ಮರ ಕೊಯ್ಯೋದು."

ಚುಕ್ಕಿ ಬರುವ ಮೊದಲೇ ಕಂಡಕ್ಟರ್ ಕಾಲರಿಗೆ ಸಿಕ್ಕಿಸಿದ್ದ ಮೈಕನ್ನು ಮುಷ್ಟಿಯಲ್ಲಿ ಮುಚ್ಚಿ ಹಿಡಿಯುತ್ತಾಳೆ. "ಅಕ್ಕ, ಬೇಜಾರು ಮಾಡ್ಕೋಬೇಡಿ, ಒಂದು ಮಾತು. ಇದು ಪರೀಕ್ಷೆ ಅಲ್ಲ, ತಪ್ಪು ಉತ್ತರ ಅಂತ ಒಂದೂ ಇಲ್ಲ ಅಂದ್ರಿ. ಸರಿ. ಮತ್ತೆ ನೀವೇ ಕಾಪಿ ಹೊಡೆಸ್ತಿದೀರಲ್ಲ!"

"ಏನಂದೆ?"

"ನಮ್ಮನೇಲಿ ಯಾರೂ ಅದಕ್ಕೆ ಪೀಪಾಯಿ ಅನ್ನಲ್ಲ. ಡ್ರಮ್ಮು ಅಂತೀವಿ. ಡ್ರಮ್ಮು ಅನ್ನೋಣ ಅಂತ ಬಾಯಿ ತೆಗೆದೆ. ಅಷ್ಟರಲ್ಲಿ ನಿಮ್ಮ ತುಟಿ ಎರಡು ಸಲ ಹೀಗೆ ಅಂಟ್ಕೊಂಡು ಬಿಡ್ತು ನೋಡಿ." ಅವಳು ತನ್ನ ತುಟಿಗಳನ್ನು ಮುಚ್ಚಿ ತೆರೆದು ತೋರಿಸುತ್ತಾಳೆ, ಸದ್ದೇ ಇಲ್ಲ. "ನಾನೂ ಅದನ್ನೇ ಅಂದ್ಬಿಟ್ಟೆ. ಒಳ್ಳೇ ಮೇಷ್ಟ್ರು ಬಿಡಿ ನೀವು."

ಗೋಡೆಗೆ ಒರಗಿ ಶೂ ಲೇಸು ಕಟ್ಟುತ್ತಿದ್ದ ಹಿರಿಯ ಡ್ರೈವರು ತಲೆ ಎತ್ತದೆಯೇ ಹೇಳುತ್ತಾರೆ. "ನಂಗೂ ಹೇಳ್ಕೊಟ್ಟಿದಾರಮ್ಮ, ಹೋದ ತಿಂಗಳು. ನೀನೊಬ್ಬಳೇ ಬುದ್ಧಿವಂತೆ ಅನ್ಕೋಬೇಡ."

"ಮತ್ತೆ ಆವತ್ತೇ ಹೇಳೋದಲ್ವಾ ಅಣ್ಣ?" ಎನ್ನುತ್ತಾರೆ ಚಿತ್ರದಕ್ಕ.

"ಯಾಕೆ ಹೇಳ್ಲಿ? ಜೀವಮಾನದಲ್ಲಿ ಮೊದಲನೇ ಸಲ ಪಾಸಾಗ್ತಿದ್ದೆ."

ಇಬ್ಬರೂ ನಗುತ್ತಾರೆ. ಚಿತ್ರದಕ್ಕ ಟ್ಯಾಬನ್ನು ಮೊಣಕಾಲ ಮೇಲೆ ಬೋರಲು ಹಾಕುತ್ತಾರೆ. ಅವರ ಕೈ ತಾನಾಗಿ ತುಟಿಗೆ ಹೋಗುತ್ತದೆ, ಅಲ್ಲೇನೋ ಅಂಟಿಕೊಂಡಿದೆಯೇನೋ ಎಂಬಂತೆ.

ಡಿಪೋದಿಂದ ಬೇಕರಿಯವರೆಗೆ, ಬೇಕರಿಯಿಂದ ಹೊಲಿಗೆ ಅಂಗಡಿಗಳ ಸಾಲಿನವರೆಗೆ ಇವರು ಎಲ್ಲರಿಗೂ ಚಿತ್ರದಕ್ಕ. ಬೆಳಗಾಗುವ ಮೊದಲು ಬರುತ್ತಾರೆ, ಏಕೆಂದರೆ ದುಡಿಯುವ ಜನ ಅರ್ಧ ಗಂಟೆ ಕುರ್ಚಿಯಲ್ಲಿ ಕೂರಲು ಸಿಗುವುದು ಆಗ ಮಾತ್ರ. ಈ ಹಿಂದೆ ಸಾಬೂನು ಕಂಪನಿಯೊಂದರ ಪರವಾಗಿ ಮನೆ ಮನೆಯ ಬಾಗಿಲು ತಟ್ಟಿ "ನೀವು ಯಾವ ಸೋಪು ಬಳಸ್ತೀರಿ" ಎಂದು ಕೇಳುತ್ತಿದ್ದವರು. "ಅಲ್ಲಿ ಬಾಗಿಲು ಮುಖಕ್ಕೇ ಹಾಕ್ತಿದ್ರು. ಇಲ್ಲಿ ಟೀ ಕೊಡ್ತಾರೆ. ಪ್ರಮೋಷನ್ ಅಲ್ವಾ?" ಎಂದು ಹಿಂದೊಮ್ಮೆ ನಗುತ್ತ ಹೇಳಿದ್ದರು. ಇವತ್ತು ಆ ನಗೆ ಇಲ್ಲ.

ಕೆಲಸ ಹೇಳಲಿಕ್ಕೆ ಸುಲಭ. ಬರಿ ಗೆರೆಗಳಲ್ಲಿ ಬರೆದ ಮುನ್ನೂರು ಚಿತ್ರಗಳಿವೆ. ಏಣಿ, ಕಪ್ಪೆ, ಕತ್ತರಿ, ಗಾಳಿಪಟ. ಇವೇ ಚಿತ್ರಗಳನ್ನು ಬೇರೆ ಬೇರೆ ಊರುಗಳಲ್ಲಿ, ಬೇರೆ ಬೇರೆ ಭಾಷೆ ಆಡುವವರ ಮುಂದೆ ಹಿಡಿಯುತ್ತಿದ್ದಾರೆ. ಯಾವುದನ್ನು ಕಂಡರೆ ಜನ ಏನನ್ನುತ್ತಾರೆ, ಎಷ್ಟು ಮಂದಿ ಒಂದೇ ಹೆಸರು ಹೇಳುತ್ತಾರೆ, ಕಣ್ಣಿಗೆ ಬಿದ್ದದ್ದು ಬಾಯಿಗೆ ಬರಲು ಎಷ್ಟು ಹೊತ್ತು ಹಿಡಿಯುತ್ತದೆ—ಇದೆಲ್ಲ ಒಂದು ಕಡೆ ಸೇರುತ್ತದೆ. ಪದಗಳು ತಲೆಯೊಳಗೆ ಹೇಗೆ ಕೂತಿವೆ ಎಂದು ಹುಡುಕುವವರು, ಎರಡು ಭಾಷೆಗಳನ್ನು ಪಕ್ಕಪಕ್ಕ ಇಟ್ಟು ನೋಡುವವರು, ಮಾತು ಕಳೆದುಕೊಂಡವರಿಗೆ ಚಿಕಿತ್ಸೆ ಕೊಡುವವರು, ಯಾರು ಬೇಕಾದರೂ ಬಂದು ತೆಗೆದುಕೊಳ್ಳಬಹುದಾದ ಉಗ್ರಾಣ ಅದು. ಈ ಊರಿನ ಮಟ್ಟಿಗೆ ಅದಕ್ಕೆ ಧ್ವನಿ ತುಂಬಿದವರು ಚಿತ್ರದಕ್ಕ. ತಿಂಗಳುಗಟ್ಟಲೆ ಕಾಲಿಗೆ ಚಕ್ರ ಕಟ್ಟಿಕೊಂಡು ಓಡಾಡಿ ತುಂಬಿದ್ದಾರೆ. ಆ ಉಗ್ರಾಣದ ಮೊದಲ ಕಂತಿನ ಬಾಗಿಲು ಇವತ್ತು ಸಂಜೆ ಮುಚ್ಚುತ್ತದೆ. ಕಂಡಕ್ಟರ್ ಕೊನೆಯವಳಾಗಬೇಕಿತ್ತು.

ತೋರಿಸುವವರಿಗೆ ನಿಯಮಗಳಿವೆ. ತಲೆ ಆಡಿಸಬಾರದು, ಹುಬ್ಬು ಏರಿಸಬಾರದು, "ಹೂಂ" ಅನ್ನಬಾರದು. ಟ್ಯಾಬನ್ನು ಮೇಜಿನ ಮೇಲೆ ನಿಲ್ಲಿಸಿ ಪಕ್ಕಕ್ಕೆ ಸರಿದು ಕೂರಬೇಕು. ಆದರೆ ಡಿಪೋದಲ್ಲಿ ಮೇಜು ಎಲ್ಲಿದೆ? ಬೇಕರಿಯಲ್ಲಿ ಇರುವ ಮೇಜಿನ ಮೇಲೆ ಹಿಟ್ಟು. ಎಲ್ಲಿಟ್ಟರೂ ಟ್ಯೂಬ್‌ಲೈಟು ಪರದೆಯ ಮೇಲೆ ಹೊಳೆದು ಏಣಿ ಕಾಣುತ್ತಿರಲಿಲ್ಲ, ದೀಪ ಕಾಣುತ್ತಿತ್ತು. ಆಗ ಚಿತ್ರದಕ್ಕ ತಮ್ಮದೇ ಒಂದು ಉಪಾಯ ಕಂಡುಕೊಂಡರು. ಟ್ಯಾಬನ್ನು ಎದೆಗೆ ಆನಿಸಿ, ಗದ್ದದ ಕೆಳಗೆ ತುಸು ಬಾಗಿಸಿ ಹಿಡಿಯುವುದು. ಮುಖದ ನೆರಳು ಬಿದ್ದು ಹೊಳಪು ಹೋಗುತ್ತದೆ, ಚಿತ್ರ ಕಡೆದಿಟ್ಟಂತೆ ಕಾಣುತ್ತದೆ; ಕಣ್ಣು ಇಳಿಸಿದರೆ ಮೇಲಿನಿಂದ ಅಕ್ಕನಿಗೂ ಕಾಣುತ್ತದೆ. ಈ ಕೆಲಸ ನೋಡಿಕೊಳ್ಳುವ ಆಫೀಸಿನ ಮೇಡಂ ಇದನ್ನು ನೋಡಿ ಎಷ್ಟು ಮೆಚ್ಚಿದರೆಂದರೆ, ಹಾಗೆ ಹಿಡಿದು ಕುಳಿತ ಅಕ್ಕನ ಫೋಟೊ ತೆಗೆದು ಉಳಿದ ಭಾಷೆಗಳವರಿಗೂ ಕಳಿಸಿದರು.

ಆ ನೆರಳು ಕೊಟ್ಟ ಮುಖ ಚಿತ್ರಕ್ಕಿಂತ ಒಂದು ಗೇಣು ಮೇಲಿದೆ ಎಂದು ಯಾರಿಗೂ ಹೊಳೆಯಲಿಲ್ಲ.

"ಧ್ವನಿ ಹೊರಡಿಸಿಲ್ಲ. ಒಂದು ಸಲಾನೂ ಇಲ್ಲ," ಎಂದು ತಮಗೆ ತಾವೇ ಹೇಳಿಕೊಳ್ಳುತ್ತಾರೆ ಅಕ್ಕ, ಡಿಪೋದ ಗೇಟು ದಾಟುತ್ತ. ಅದೇ ಮಾತನ್ನು ರಸ್ತೆ ದಾಟಿದ ಮೇಲೆ ಮತ್ತೊಮ್ಮೆ ಹೇಳುತ್ತಾರೆ, ಈ ಸಲ ಬರಿ ತುಟಿಯಲ್ಲಿ. ಹೇಳಿದ್ದು ಗೊತ್ತಾಗಿ ಗಕ್ಕನೆ ನಿಲ್ಲುತ್ತಾರೆ. ಹಿಂದಿನಿಂದ ಬಂದ ಸೈಕಲ್ಲಿನವನು ಬೈದುಕೊಂಡು ಹೋಗುತ್ತಾನೆ.

ಅವರಿಗೆ ಒಡಹುಟ್ಟಿದ ಅಣ್ಣ ನೆನಪಾಗುತ್ತಾರೆ.

ಅಣ್ಣನದು ಗಾರೆ ಕೆಲಸ. ಎರಡು ವರ್ಷದ ಕೆಳಗೆ ಲಕ್ವ ಹೊಡೆದು ಬಲಗೈಯ ಜೊತೆ ಪದಗಳನ್ನೂ ಎತ್ತಿಕೊಂಡು ಹೋಯಿತು. ಕೈ ಅಷ್ಟಿಷ್ಟು ಮರಳಿದೆ. ಗಾರೆ ಮೆತ್ತುವ ಕರಣೆ ಹಿಡಿಯುತ್ತಾರೆ, ಅದನ್ನು ಏನೆನ್ನುತ್ತಾರೆ ಎಂದರೆ ಮಾತ್ರ ಕಣ್ಣು ತುಂಬುತ್ತದೆ. ಆಸ್ಪತ್ರೆಯ ಮಾತಿನ ಡಾಕ್ಟರು ಎಷ್ಟೋ ಸಲ ಜೆರಾಕ್ಸ್ ಮಾಡಿದ ಹಳೆಯ ಚಿತ್ರಗಳನ್ನು ಅವರ ಮುಂದೆ ಹಿಡಿಯುತ್ತಾರೆ. ಅಣ್ಣ ತಡವರಿಸಿದರೆ ಅದು ಕಾಯಿಲೆಯೋ, ಚಿತ್ರದ ದೋಷವೋ, ಅಥವಾ ಆ ವಯಸ್ಸಿನ ಯಾರಿಗೇ ಆದರೂ ಅಷ್ಟು ಹೊತ್ತು ಬೇಕಾಗುತ್ತದೆಯೋ, ಹೇಳಲು ಅಳತೆಗೋಲಿಲ್ಲ. "ನಮ್ಮ ಭಾಷೆಯ ಆರೋಗ್ಯವಂತರು ಹೇಗೆ ಹೇಳ್ತಾರೆ ಅಂತ ಮೊದಲು ನಂಗೆ ಗೊತ್ತಾಗ್ಬೇಕಮ್ಮ," ಎಂದಿದ್ದರು ಡಾಕ್ಟರು. ಆ ಮಾತೇ ಇವರನ್ನು ಈ ಕೆಲಸಕ್ಕೆ ತಂದದ್ದು. ಮೊದಲ ಕಂತು ಹೊರಬಂದ ಕೂಡಲೇ ಅಣ್ಣನನ್ನು ಅದರಿಂದ ಅಳೆಯುವುದೆಂದು ತೀರ್ಮಾನವಾಗಿದೆ. ಚಿಕಿತ್ಸೆ ಮುಂದುವರಿಸಬೇಕೋ, ಇಷ್ಟೇ ಎಂದು ಕೈಬಿಡಬೇಕೋ ಎಂಬುದು ಆ ಅಳತೆಯ ಮೇಲೆ ನಿಂತಿದೆ.

ಇನ್ನೊಬ್ಬರ ತುಟಿ ನೋಡಿ ಹೇಳಿದವರ ವೇಗಕ್ಕೆ ಅಣ್ಣನನ್ನು ಹೋಲಿಸುತ್ತಾರೆ. ಅಣ್ಣನ ಎದುರಿಗೆ ಯಾವ ತುಟಿಯೂ ಇರುವುದಿಲ್ಲ.

ಮನೆಯಲ್ಲಿ ಯಜಮಾನರು ಕಿಟಕಿಯ ಕೀಲುಗಳಿಗೆ ಎಣ್ಣೆ ಬಿಡುತ್ತಿದ್ದಾರೆ. ಬಾಗಿಲ ಸದ್ದಿಗೆ ತಿರುಗುವುದಿಲ್ಲ. ಹೆಂಡತಿಯ ನೆರಳು ಗೋಡೆಗೆ ಬಿದ್ದಾಗ ತಿರುಗುತ್ತಾರೆ. ತಗಡು ಬಡಿಯುವ ಕಾರ್ಖಾನೆಯಲ್ಲಿ ಇಪ್ಪತ್ತು ವರ್ಷ ದುಡಿದ ಕಿವಿಗಳು ಅವು. ಈಗ ಗುಡುಗಿದರೂ ಅಷ್ಟಕ್ಕಷ್ಟೆ. ಈ ಮನೆಯಲ್ಲಿ ಸಂಸಾರ ನಡೆಯುವುದು ತುಟಿಯ ಮೇಲೆ. ಅಕ್ಕ ಸದ್ದಿಲ್ಲದೆ, ಒಂದೊಂದು ಅಕ್ಷರವನ್ನೂ ಬಿಡಿಸಿ ಆಡುತ್ತಾರೆ. ಯಜಮಾನರು ಓದಿಕೊಂಡು, ಬೀದಿಗೆಲ್ಲ ಕೇಳುವಂತೆ ಉತ್ತರ ಕೊಡುತ್ತಾರೆ. ಇವರ ಜಗಳದಲ್ಲಿ ನೆರೆಯವರಿಗೆ ಯಾವಾಗಲೂ ಒಂದೇ ಪಕ್ಷ ಕೇಳಿಸುವುದು.

"ಏನೇ, ಇಷ್ಟು ಬೇಗ? ಮುಖ ಯಾಕೆ ಹಾಗಿದೆ?"

ಅಕ್ಕ ಕುರ್ಚಿ ಎಳೆದು ಅವರ ಎದುರು ಕೂರುತ್ತಾರೆ. ಟ್ಯಾಬನ್ನು ಈ ಸಲ ತಮ್ಮ ಕಡೆಗೆ ತಿರುಗಿಸಿ ಹಿಡಿಯುತ್ತಾರೆ. ಯಜಮಾನರಿಗೆ ಕಾಣುವುದು ಅದರ ಕಪ್ಪು ಬೆನ್ನು, ಅದರ ಮೇಲೊಂದು ಮುಖ. "ಏನು ಬಂತು ಅಂತ ಹೇಳಿ," ಎಂದು ತುಟಿಯಲ್ಲೇ ಹೇಳಿ, ಬಾಯಿ ಮುಚ್ಚಿ, ಗುಂಡಿ ಒತ್ತುತ್ತಾರೆ.

"ಇದೇನು ಆಟ?"

ಅಕ್ಕ ಕಣ್ಣಲ್ಲೇ ಗದರುತ್ತಾರೆ.

"ಆಯ್ತಾಯ್ತು. ಬೀಗ."

ಪರದೆಯ ಮೇಲೆ ಬೀಗ.

"ಮೊಸಳೆ."

ಮೊಸಳೆ.

"ಗೊತ್ತಾಗ್ಲಿಲ್ಲ. ಮುಂದೆ."

ಅದು ಏಣಿ. ಅಕ್ಕನಿಗೆ ಎಳ್ಳಷ್ಟು ಜೀವ ಬಂದಂತಾಗುತ್ತದೆ.

"ಪೊರಕೆ. ಬುಟ್ಟಿ. ಕಪ್ಪೆ." ಯಜಮಾನರಿಗೆ ಈಗ ಆಟ ಹಿಡಿಸಿದೆ, ಮಗ್ಗಿ ಒಪ್ಪಿಸುವವರಂತೆ ಒದರುತ್ತಾರೆ. "ಗೊತ್ತಾಗ್ಲಿಲ್ಲ. ಪೀಪಾಯಿ! ನೋಡಿದ್ಯಾ, ಹೇಗೆ ಹಿಡಿದೆ!"

ಅಕ್ಕ ನಿಲ್ಲಿಸುತ್ತಾರೆ. ತುಟಿಗಳನ್ನು ಹಲ್ಲಿನ ನಡುವೆ ಕಚ್ಚಿ ಹಿಡಿದು ಇನ್ನೊಮ್ಮೆ ಶುರು ಮಾಡುತ್ತಾರೆ. ತಮಗೆ ತಿಳಿದ ಮಟ್ಟಿಗೆ ಈಗ ಮುಖ ಕಲ್ಲು. ಮುನ್ನೂರು ಹೆಸರುಗಳನ್ನೂ ಅರೆದು ಕುಡಿದವರು ಅವರು. ಗೆರೆ ಕಂಡ ಕೂಡಲೇ ಪದ ಒಳಗಿನಿಂದ ನೂಕಿಕೊಂಡು ಬರುತ್ತದೆ, ಹೊರಗೆ ದಾರಿ ಸಿಗದೆ ಎಲ್ಲೋ ಒದೆಯುತ್ತದೆ.

"ಬಾವಲಿ ಇರಬೇಕು," ಎನ್ನುತ್ತಾರೆ ಯಜಮಾನರು ಸ್ವಲ್ಪ ಯೋಚಿಸಿ. "ಕಚ್ಕೊಂಡ್ರೆ ಏನಾಯ್ತು? ಗದ್ದ ಕುಣಿಯುತ್ತಲ್ಲ."

ಟ್ಯಾಬು ಮಡಿಲಿಗೆ ಬೀಳುತ್ತದೆ. ಅಕ್ಕ ನಡೆದದ್ದನ್ನೆಲ್ಲ ಹೇಳುತ್ತಾರೆ. ಕೋಣೆಯಲ್ಲಿ ಒಂದು ಸದ್ದಿಲ್ಲ. ಯಜಮಾನರು ಕಣ್ಣು ಕಿರಿದು ಮಾಡಿ, ಒಂದು ಪದವೂ ಜಾರದಂತೆ ಓದುತ್ತಾರೆ. ಓದಿ ಮುಗಿದ ಮೇಲೆ ಎಣ್ಣೆಯ ಡಬ್ಬಿಯ ಮುಚ್ಚಳ ಹುಡುಕಲು ತೊಡಗುತ್ತಾರೆ. ಅದು ಅವರ ಕೈಯಲ್ಲೇ ಇದೆ.

"ನನ್ನ ಕಿವಿಯಿಂದ ಆಯ್ತಾ ಇದು?" ಜೀವನದಲ್ಲಿ ಅಪರೂಪಕ್ಕೆ ಅವರ ದನಿ ತಗ್ಗಿದೆ.

"ನಿಮ್ಮ ಕಿವಿ ಏನು ಮಾಡ್ತು? ಸುಮ್ನಿರ್ರೀ."

"ಯಾರಿಗೂ ಹೇಳ್ಬೇಡ ಅಂದ್ರೆ ನೀನು ಕೇಳ್ತೀಯಾ?"

"ಇಲ್ಲ."

"ಗೊತ್ತಿತ್ತು. ಹೋಗು ಮತ್ತೆ. ಊಟದ ಹೊತ್ತಿಗೆ ಕಾಯಲ್ಲ ನಾನು." ಕಾಯುತ್ತಾರೆಂದು ಇಬ್ಬರಿಗೂ ಗೊತ್ತು.

ಅಕ್ಕ ಆಫೀಸು ತಲುಪುವಷ್ಟರಲ್ಲಿ ಮಧ್ಯಾಹ್ನವಾಗಿದೆ. ಅದು ಮೂರನೆಯ ಮಹಡಿಯಲ್ಲಿದೆ. ಲಿಫ್ಟು ಕೆಟ್ಟಿದೆ. ಮೇಡಂ ಕಂಪ್ಯೂಟರಿನ ಮುಂದೆ ಬೆನ್ನು ಬಗ್ಗಿಸಿ ಕೂತಿದ್ದಾರೆ. ಪಕ್ಕದಲ್ಲಿ ಅರ್ಧ ಕುಡಿದ ಟೀಯ ಮೇಲೆ ಕೆನೆ ಕಟ್ಟಿದೆ. ಪರದೆಯಲ್ಲಿ ಭಾಷೆಗಳ ಸಾಲು. ಒಪ್ಪಿಸಿದವಕ್ಕೆ ಹಸಿರು ಬಣ್ಣ. ಇವರದೊಂದು ಇನ್ನೂ ಹಳದಿ.

"ಬಂದ್ರಾ? ಕಂಡಕ್ಟರದ್ದು ಕೊಡಿ, ಅದೊಂದು ಸೇರಿಸಿದ್ರೆ ನಮ್ಮದೂ ಹಸಿರು," ಎಂದು ಕೈ ಚಾಚುತ್ತಾರೆ.

ಅಕ್ಕ ಟ್ಯಾಬು ಕೊಡುವುದಿಲ್ಲ. ನಿಂತುಕೊಂಡೇ ಹೇಳುತ್ತಾರೆ. ಡಿಪೋ, ಡ್ರೈವರು, ಯಜಮಾನರು. ಹೇಳುವಾಗ ಕೈಯಿಂದ ಬಾಯಿ ಮುಚ್ಚಿಕೊಂಡಿರುವುದು ಅವರಿಗೇ ಗೊತ್ತಿಲ್ಲ.

ಮೇಡಂ ಮೊದಲು ನಗಲು ನೋಡುತ್ತಾರೆ. "ಎಲ್ಲರೂ ನಿಮ್ಮ ಯಜಮಾನರ ಹಾಗೆ ತುಟಿ ಓದ್ತಾರಾ ಅಕ್ಕ? ಅವರದ್ದು ವರ್ಷಗಳ ಅಭ್ಯಾಸ."

"ಅವರು ಚಿತ್ರ ನೋಡದೆ ಹೇಳಿದ್ರು ಮೇಡಂ. ಉಳಿದವರ ಮುಂದೆ ಚಿತ್ರಾನೂ ಇತ್ತು, ತುಟೀನೂ ಇತ್ತು."

ಮೇಡಂ ಕಂಪ್ಯೂಟರಿಗೆ ತಿರುಗುತ್ತಾರೆ. ಶುರುವಿನಲ್ಲಿ ಇದೇ ಆಫೀಸಿನ ಮೇಜಿನ ಮೇಲೆ ಟ್ಯಾಬು ನಿಲ್ಲಿಸಿ ಮಾಡಿದ ಕೆಲವು ರೆಕಾರ್ಡಿಂಗುಗಳಿವೆ. ಅವನ್ನು ಒಂದು ಕಡೆ, ಅಕ್ಕ ತಂದವನ್ನು ಇನ್ನೊಂದು ಕಡೆ ತೆರೆಯುತ್ತಾರೆ. ಮೇಜಿನ ಮುಂದೆ ಕೂತವರಲ್ಲಿ ಹೆಚ್ಚಿನವರು ಡ್ರಮ್ಮು ಅಂದಿದ್ದಾರೆ, ಕೆಲವರು ಟ್ಯಾಂಕು, ಒಬ್ಬರು ಸುಮ್ಮನೆ "ಡಬ್ಬ". ಅಕ್ಕನ ಮುಂದೆ ಕೂತವರು ಹೆಚ್ಚುಕಮ್ಮಿ ಎಲ್ಲರೂ ಪೀಪಾಯಿ, ಅದೂ ಥಟ್ಟಂತ. ಮೇಡಂ ಗರಗಸ ತೆಗೆಯುತ್ತಾರೆ. ತುಟಿಗೆ ಕೆಲಸವಿಲ್ಲದ ಪದ. ಎರಡೂ ಕಡೆ ಒಂದೇ ತಡವರಿಕೆ. ಬಾವಲಿ ತೆಗೆಯುತ್ತಾರೆ. ಆಮೇಲೆ ತೆಗೆಯುವುದನ್ನು ನಿಲ್ಲಿಸುತ್ತಾರೆ.

"ಜನ ಇಷ್ಟು ಒಂದೇ ಮಾತು ಹೇಳ್ತಾರಲ್ಲ, ಎಷ್ಟು ಚೆಂದದ ಚಿತ್ರಗಳು ಅನ್ಕೊಂಡಿದ್ದೆ ನಾನು," ಎನ್ನುತ್ತಾರೆ ಮೆಲ್ಲಗೆ.

ಫ್ಯಾನು ತಿರುಗುತ್ತಿದೆ. ಕೆಳಗೆ ರಸ್ತೆಯಲ್ಲಿ ಶಾಲೆ ಬಿಟ್ಟ ಮಕ್ಕಳ ಗಲಾಟೆ. ಅಂದರೆ ಹೊತ್ತು ಇಳಿಯುತ್ತಿದೆ.

ಮೇಡಂ ಎದ್ದು ಕಿಟಕಿಯವರೆಗೆ ಹೋಗಿ ಬರುತ್ತಾರೆ. "ಹೀಗೆ ಮಾಡೋಣ. ಎಲ್ಲಾ ಒಪ್ಪಿಸೋಣ. ಕೆಳಗೊಂದು ಟಿಪ್ಪಣಿ ಹಾಕೋಣ, ತೋರಿಸಿದವರ ಮುಖ ಕಾಣ್ತಿತ್ತು, ಎಚ್ಚರಿಕೆಯಿಂದ ಬಳಸಿ ಅಂತ. ಅದರಲ್ಲಿ ಸುಳ್ಳೇನೂ ಇಲ್ಲ."

"ನಮ್ಮಣ್ಣನ ಮುಂದೆ ಕೂರೋ ಡಾಕ್ಟ್ರು ಟಿಪ್ಪಣಿ ಓದ್ತಾರಾ ಮೇಡಂ? ಹೊರಗೆ ಇಷ್ಟುದ್ದ ಕ್ಯೂ ಇರುತ್ತೆ. ಅವರು ನೋಡೋದು ಒಂದೇ, ಬೇರೆಯವರಿಗೆ ಎಷ್ಟು ಹೊತ್ತಾಯ್ತು, ಇವನಿಗೆ ಎಷ್ಟು ಹೊತ್ತಾಯ್ತು."

"ಒಪ್ಪಿಸ್ಲಿಲ್ಲ ಅಂದ್ರೆ ಅವರ ಕೈಲಿ ಏನೂ ಇರಲ್ಲ. ಮತ್ತೆ ಅದೇ ಜೆರಾಕ್ಸು. ಎರಡನೇ ಕಂತು ಯಾವಾಗ ಅಂತ ನನ್ನೂ ಸೇರಿ ಯಾರಿಗೂ ಗೊತ್ತಿಲ್ಲ. ನಿಮ್ಮಣ್ಣಂಗೇ ಅಲ್ವಾ ಕಷ್ಟ?"

ಇದು ಸುಳ್ಳಲ್ಲ. ಅಕ್ಕನಿಗೂ ಗೊತ್ತು. ದಾರಿಯುದ್ದಕ್ಕೂ, ಮೂರು ಮಹಡಿಯ ಮೆಟ್ಟಿಲುದ್ದಕ್ಕೂ ತಾವೇ ತಮಗೆ ಹೇಳಿಕೊಂಡ ಮಾತು ಅದು. ಅವರು ಒಂದು ಕೈಯಲ್ಲಿ ಕುರ್ಚಿಯ ಬೆನ್ನನ್ನು ಹಿಡಿದು ನಿಂತಿದ್ದಾರೆ, ಇನ್ನೊಂದು ಕೈ ಬಾಯಿಯ ಮೇಲೇ ಇದೆ.

"ಅಳತೆಗೋಲು ಇಲ್ಲ ಅಂದ್ರೆ ಡಾಕ್ಟ್ರು ಗೊತ್ತಾಗಲ್ಲ ಅಂತಾರೆ, ಇನ್ನಷ್ಟು ದಿನ ನೋಡೋಣ ಅಂತಾರೆ. ಡೊಂಕು ಕೋಲು ಕೊಟ್ರೆ ಅಳೆದು, ಇವನ ಕೈಲಿ ಆಗಲ್ಲ ಅಂತ ಬರೆದುಬಿಡ್ತಾರೆ. ಆಮೇಲೆ ಹಾಗಲ್ಲ ಅಂತ ಅಣ್ಣ ಹೇಳೋದು ಹೇಗೆ? ಅವನಿಗೆ ಮಾತೇ ಇಲ್ವಲ್ಲ."

ಮೇಡಂ ಕುಳಿತು ಮೌಸನ್ನು ಸರಿಸುತ್ತಾರೆ. ಹಳದಿ ಹೋಗಿ ಬೂದು ಬಣ್ಣ ಬರುತ್ತದೆ. ಪಕ್ಕದಲ್ಲಿ ಎರಡು ಪದ: ಈ ಕಂತಿಗಿಲ್ಲ. ಅಷ್ಟು ತಿಂಗಳ ಬೆಳಗುಗಳು, ಬೇಕರಿಯ ಬಿಸಿ, ಎಬ್ಬಿಸಿ ಕೂರಿಸಿದ ವಾಚ್‌ಮನ್ನರ ಆಕಳಿಕೆ, ಎಲ್ಲಾ ಒಂದು ಒತ್ತಿಗೆ ಸರಿದುಹೋದವು.

"ಮತ್ತೆ ಎಲ್ಲರ ಹತ್ರ ಹೋಗ್ಬೇಕಾಗುತ್ತೆ ಅಕ್ಕ. ಅದೇ ಜನರನ್ನ ಕೂರಿಸೋ ಹಾಗೂ ಇಲ್ಲ, ಅವರಿಗೆ ಚಿತ್ರ ಗೊತ್ತಾಗಿವೆ. ಹೊಸಬರು ಬೇಕು."

"ಊರು ದೊಡ್ಡದಿದೆ. ಈ ಸಲ ಅವರ ಬೆನ್ನ ಹಿಂದೆ ಕೂತು ತೋರಿಸ್ತೀನಿ. ಟ್ಯಾಬು ಇಡೋಕೆ ಅವರ ಕುರ್ಚಿಗೇ ಒಂದು ಹಲಗೆ ಕಟ್ಕೊಂಡ್ರಾಯ್ತು."

ಕಂಪ್ಯೂಟರು ಟಿಂಗ್ ಎನ್ನುತ್ತದೆ. ಬೇರೆ ಭಾಷೆಯವರು ಯಾರೋ ಕೇಳಿದ್ದಾರೆ: ಏನಾಯಿತು, ನಿಮ್ಮ ಕೆಲಸ ಎಲ್ಲರಿಗೂ ಮಾದರಿಯಾಗಿತ್ತಲ್ಲ? ಅದರ ಹಿಂದೆಯೇ ಇನ್ನೊಂದು ಟಿಂಗ್. ಮೇಡಂ ಕೀಲಿಮಣೆಯ ಮೇಲೆ ಕೈಯಿಟ್ಟು ಹಾಗೇ ಕೂರುತ್ತಾರೆ. ತಾವೇ ಮೆಚ್ಚಿ ತಾವೇ ಕಳಿಸಿದ ಆ ಫೋಟೊ ಈಗ ಎಷ್ಟು ಆಫೀಸುಗಳ ಗೋಡೆಯ ಮೇಲಿದೆಯೋ. ಅವರ ಕಿವಿ ಕೆಂಪಾಗಿದೆ.

"ಅಕ್ಕ," ಎನ್ನುತ್ತಾರೆ ತಿರುಗದೆಯೇ. "ಮಿಷನ್ ಕೆಟ್ಟಿತ್ತು ಅಂತ ಬರೀತೀನಿ. ಧ್ವನಿ ಸರಿಯಾಗಿ ಹಿಡೀಲಿಲ್ಲ ಅಂತ. ಇಂಥದ್ದು ಆಗ್ತಾನೇ ಇರುತ್ತೆ, ಯಾರೂ ಕೆದಕಲ್ಲ. ನಿಮ್ಮ ಹೆಸರು ಎಲ್ಲೂ ಬರಲ್ಲ. ನನ್ನದೂ ಅಷ್ಟೇ. ಹೇಗೂ ಹಿಂದೆ ತಗೊಂಡಾಯ್ತು, ಕಾರಣ ಏನಾದ್ರೆ ಯಾರಿಗೇನು?"

ಅಕ್ಕ ಬಾಯಿಯ ಮೇಲಿದ್ದ ಕೈ ತೆಗೆಯುತ್ತಾರೆ.

"ಬೇಡ ಮೇಡಂ. ಆ ಫೋಟೊ ನೋಡ್ಕೊಂಡು ಇನ್ಯಾರೋ ನನ್ನ ಹಾಗೇ ಹಿಡ್ಕೊಂಡು ಕೂತಿರ್ತಾರೆ. ಮಿಷನ್ ಚೆನ್ನಾಗೇ ಇತ್ತು. ತುಟಿ ನಂದು ಅಂತಾನೇ ಬರೀರಿ."